ಎರಡೇ ಖಾನೆಯ ನಮೂನೆ

ಗದಗ, ೨೩೧೮ನೇ ಇಸವಿ, ಹದಿಮೂರನೇ ತಿಂಗಳ ಒಂಬತ್ತನೇ ದಿನ

ಮುನ್ನೂರು ವರ್ಷ ಹಿಂದಿನ ಹಿರಿಯರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಹದಿಮೂರನೇ ತಿಂಗಳಿಲ್ಲವೆಂದು ಬಲ್ಲೆ. ನನ್ನ ಕೆಲವು ಪದಗಳೂ ನಿಮಗೆ ಹೊಸವು, ಕ್ಷಮಿಸಿ. ನನ್ನ ಹೆಸರು ನೀಲಗಂಗಾ ಹೂಗಾರ, ಇಲ್ಲಿನ ಆಸ್ಪತ್ರೆಯಲ್ಲಿ ಔಷಧ ಕೊಡುವವಳು. ಈ ಪತ್ರವನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಹುಸೇನಬಿ ಎಂಬವರು ಇಲ್ಲಿಂದ ಲಕ್ಕುಂಡಿಗೆ ಗಾಳಿಬಂಡಿ ಓಡಿಸುತ್ತಿದ್ದರು. ಗಾಳಿಬಂಡಿಯೆಂದರೆ ಹಾಯಿ ಕಟ್ಟಿಕೊಂಡು ಹಳಿಯ ಮೇಲೆ ಹೋಗುವ ಬಸ್ಸು. ಗಾಳಿ ನಿಂತರೆ ಪ್ರಯಾಣಿಕರೇ ಇಳಿದು ತಳ್ಳಬೇಕು. ಹುಸೇನಬಿ ಮಾತ್ರ ಮೇಲೆ ಕೂತು ಬೈಯುತ್ತಿದ್ದರು. ಅವರಿಗೆ ರಕ್ತದೊತ್ತಡಕ್ಕೊಂದು ಮಾತ್ರೆ, ಕಾಲಿನ ಊತಕ್ಕೊಂದು, ಮಂಡಿನೋವಿಗೆ ಮೂರನೆಯದು. ಮೂರನ್ನೂ ಕೊಟ್ಟವಳು ನಾನೇ. ಕೊಡುವ ಮೊದಲು ಜೋಡಿಪಟ್ಟಿ ನೋಡಿದ್ದೆ. ಯಾವ ಎರಡು ಔಷಧಗಳನ್ನು ಒಟ್ಟಿಗೆ ಕೊಡಬಾರದೆಂದು ಹೇಳುವ ಪಟ್ಟಿ ಅದು, ನಿಮ್ಮ ಕಾಲದಿಂದ ಹಾಗೇ ಇಳಿದುಬಂದದ್ದು. ಮೂರರಲ್ಲಿ ಯಾವ ಜೋಡಿಗೂ ಅಡ್ಡಿಯಿರಲಿಲ್ಲ. ಮಾತ್ರೆ ಶುರುಮಾಡಿದ ಇಪ್ಪತ್ತನೇ ದಿನ ಅವರ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವು.

ಆಸ್ಪತ್ರೆಯ ಹಳೆಯ ದಾಖಲೆಗಳನ್ನು ತೆಗೆದು ಕೂತೆ. ಪ್ರತಿ ಔಷಧಕ್ಕೊಂದು ಚುಕ್ಕಿ ಇಟ್ಟೆ. ಎರಡು ಚುಕ್ಕಿಗಳ ನಡುವೆ ಗೆರೆ ಎಳೆಯುವ ಬದಲು, ಒಬ್ಬ ರೋಗಿ ನುಂಗಿದ ಅಷ್ಟೂ ಔಷಧಗಳನ್ನು ಒಂದೇ ಗೆರೆಯಿಂದ ಸುತ್ತಿದೆ. ಅದನ್ನು ನಾವು ಕೂಟಗೆರೆ ಎನ್ನುತ್ತೇವೆ. ಅಂಥ ಚಿತ್ರವನ್ನು ನೀವು ಹೈಪರ್‌ಗ್ರಾಫ್ ಎನ್ನುತ್ತಿದ್ದಿರಿ. ಆ ಮೂರೂ ಒಟ್ಟಿಗೆ ಸಿಕ್ಕ ಕೂಟಗೆರೆಗಳು ಹತ್ತೊಂಬತ್ತು. ಆ ಹತ್ತೊಂಬತ್ತು ರೋಗಿಗಳಲ್ಲಿ ಹದಿನಾಲ್ಕು ಮಂದಿಯ ಮೂತ್ರಪಿಂಡ ಕೆಟ್ಟಿತ್ತು. ಎರಡನ್ನಷ್ಟೇ ತೆಗೆದುಕೊಂಡವರು ಆರಾಮಾಗಿದ್ದರು.

ಚಿತ್ರ ಸುರುಳಿ ಸುತ್ತಿಕೊಂಡು, ಜೋಡಿಪಟ್ಟಿಗೆ ಹೊಸದನ್ನು ಸೇರಿಸುವ ನಮೂನೆ ತುಂಬಿಸಲು ಔಷಧ ಮಂಡಳಿಗೆ ಹೋದೆ. ಆ ನಮೂನೆಯೂ ನಿಮ್ಮ ಕಾಲದ್ದೇ. ಅಧಿಕಾರಿ ಶಿವಯೋಗಿ ಅದನ್ನು ನೋಡಿ, "ಇದರಾಗ ಕೆಟ್ಟ ಜೋಡಿ ಯಾವುದ್ರಿ?" ಎಂದರು.

"ಜೋಡಿ ಯಾವುದೂ ಕೆಟ್ಟಿಲ್ರಿ. ಮೂರೂ ಕೂಡಿದ್ರ ಕೆಡತೈತಿ."

"ನಮೂನಿಯೊಳಗ ಎರಡ ಖಾನೆ ಅದಾವ್ರೀ ಅಕ್ಕಾರ. ಮೂರನೇದ್ದು ಎಲ್ಲಿ ಬರೀಲಿ?"

ಕೆಟ್ಟ ಮನುಷ್ಯನಲ್ಲ, ಚಹಾ ತರಿಸಿದರು. ನಾಲ್ಕು ವರ್ಷ ಆ ಚಹಾ ಕುಡಿದೆ. ಕೊನೆಗೆ ಬೇಸತ್ತು ಹುಸೇನಬಿಯವರನ್ನೇ ಕರೆದೊಯ್ದೆ. ಅವರು ಕುರ್ಚಿಯಲ್ಲಿ ಸಾವರಿಸಿಕೊಂಡು ಕೂತು, "ನಾ ಮೂರು ಗುಳಿಗಿ ನುಂಗೀನಪ್ಪಾ. ನಿನ್ನ ಕಾಗದಕ್ಕ ಎರಡ ಕಾಣಸ್ತಾವಂದ್ರ, ಮೂರನೇದ್ದು ನನ್ನ ಹೊಟ್ಟ್ಯಾಗಿಂದ ತಗದು ಕೊಡು" ಎಂದರು.

ಮುಂದಿನ ತಿಂಗಳು ನಮೂನೆಗೆ ಮೂರನೇ ಖಾನೆ ಬಂತು. ಅದೊಂದೇ. ಈ ವಾರ ನನ್ನ ಮೇಜಿನ ಮೇಲೆ ನಾಲ್ಕು ಔಷಧಗಳ ಕೂಟವೊಂದಿದೆ, ಅದನ್ನು ನುಂಗಿ ಹಾಸಿಗೆ ಹಿಡಿದವರು ಏಳು ಜನ. ನಾಳೆ ಮತ್ತೆ ಮಂಡಳಿಗೆ ಹೋಗಬೇಕು.

ಹುಸೇನಬಿ ರಕ್ತ ಶುದ್ಧಿಗೆಂದು ವಾರಕ್ಕೆರಡು ಸಲ ಬರುತ್ತಾರೆ. ಬಂಡಿ ಬೇರೆಯವರ ಕೈ ಸೇರಿದೆ. ನನ್ನನ್ನು ಅವರು ಒಮ್ಮೆಯೂ ದೂರಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಿರಿಯರೇ, ಈ ಗಣಿತ ನಿಮಗೆ ಗೊತ್ತಿತ್ತು. ನಿಮ್ಮ ಪುಸ್ತಕಗಳಿಂದಲೇ ನಾನು ಕಲಿತದ್ದು. ಗೊತ್ತಿದ್ದೂ ಎರಡೇ ಖಾನೆ ಬಿಟ್ಟಿರಿ. ನಿಮ್ಮ ಕಚೇರಿಯಲ್ಲಿ ಯಾರಾದರೂ ಅಂಥ ನಮೂನೆ ಸಿದ್ಧಮಾಡುತ್ತಿದ್ದರೆ ದಯವಿಟ್ಟು ಎದ್ದು ಹೋಗಿ ಅವರ ಕೈ ಹಿಡಿಯಿರಿ. ಎಷ್ಟು ಖಾನೆ ಬೇಕೆಂದು ಅವರು ಕೇಳಿದರೆ, ಮೊದಲು ರೋಗಿಯನ್ನು ಕೇಳಲು ಹೇಳಿ.

ನಿಮ್ಮ ಮೇಲೆ ಮುನಿದಿರುವ,
ನೀಲಗಂಗಾ