ಅಕ್ಕ ಬೇಡವೆಂದ ಸ್ವರ್ಗ

ನನ್ನನ್ನು ಸಾಕಿದ ಅಕ್ಕನಿಗೆ,

ನೀನು ಹೋಗಿ ಇವತ್ತಿಗೆ ನಲವತ್ತೊಂದು ದಿನ. ಪ್ರತಿ ಭಾನುವಾರ ಮುನ್ನೂರು ಜನರ ಮುಂದೆ ನಿಂತು ಗಂಟಲು ಹರಿಯುವಂತೆ ಮಾತಾಡುವ ನಿನ್ನ ತಮ್ಮನಿಗೆ ನಿನ್ನೊಬ್ಬಳ ಮುಂದೆ ಮಾತ್ರ ನಾಲಿಗೆ ಹೊರಳುತ್ತಿರಲಿಲ್ಲ. ಇನ್ನು ನೀನು ನಡುವೆ ಬಾಯಿ ಹಾಕುವುದಿಲ್ಲವಲ್ಲ, ಆ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಊರೆಲ್ಲ ನನ್ನನ್ನು ಅಯ್ಯನವರೇ ಎಂದರೂ ನೀನು ಕೊನೆಯವರೆಗೂ ಕರೆದದ್ದು "ಲೋ ಪಾದ್ರಿ" ಎಂದೇ. ಅಮ್ಮ ಸತ್ತಾಗ ನನಗೆ ಆರು, ನಿನಗೆ ಹದಿನಾರು. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಬೆಗೆ ಮೊಣಕೈವರೆಗೂ ಸುಟ್ಟುಕೊಂಡು, ರೋಗಿಗಳ ಹಾಸಿಗೆ ಬಟ್ಟೆ ಒಗೆದು, ಇಸ್ತ್ರಿ ಮಾಡಿ ನನ್ನನ್ನು ಪಾದ್ರಿ ಓದಿಗೆ ಕಳಿಸಿದೆ. "ನಾನು ಬಟ್ಟೆ ಕಲೆ ತೆಗೀತೀನಿ, ನೀನು ಆತ್ಮದ ಕಲೆ ತೆಗಿ. ಇಬ್ಬರದ್ದೂ ಒಂದೇ ಕಸುಬು, ನಿನಗೆ ಮಾತ್ರ ಕೈ ಒದ್ದೆ ಆಗಲ್ಲ" ಎಂದು ನಗುತ್ತಿದ್ದೆ.

ಆಮೇಲೆ ಭಾವ ಬಂದರು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಅಂಗಿಯ ಜೇಬಿನಲ್ಲಿ ಸದಾ ಎಣ್ಣೆ ಡಬ್ಬಿ, ಅದಕ್ಕೇ ಕಾರ್ಖಾನೆಯವರೆಲ್ಲ ಅವರನ್ನು ಎಣ್ಣೆಬುಡ್ಡಿ ಎಂದು ಕರೆಯುತ್ತಿದ್ದರು. ಚರ್ಚಿನಲ್ಲಿ ನನ್ನ ಭಾನುವಾರದ ಪ್ರಸಂಗ ಶುರುವಾದ ಐದೇ ನಿಮಿಷಕ್ಕೆ ಅವರ ತಲೆ ತೂಗುತ್ತಿತ್ತು, ನೀನು ತೊಡೆ ಚಿವುಟುತ್ತಿದ್ದೆ. ಒಮ್ಮೆ ನಾನು ಮುಖ ಊದಿಸಿಕೊಂಡದ್ದಕ್ಕೆ ಹೇಳಿದರು: "ನಿದ್ದೆ ಬಂತು ಅಂದ್ರೆ ಮನಸ್ಸಿಗೆ ನೆಮ್ಮದಿ ಆಯ್ತು ಅಂತ ಅರ್ಥ, ಪಾದ್ರಿಗಳೇ. ಅದಕ್ಕಿಂತ ಇನ್ನೇನು ಬೇಕು ನಿಮಗೆ?"

ಕೊನೆಗೆ ಆ ನಿದ್ದೆಯೇ ಅವರನ್ನು ಬಿಟ್ಟುಹೋಯಿತು. ಯಾವ ಕಾರಣಕ್ಕೆಂದು ನಿನಗೂ ತಿಳಿಯಲಿಲ್ಲ, ಅವರಿಗೂ ತಿಳಿಯಲಿಲ್ಲ. ಊಟ ಸೇರುತ್ತಿರಲಿಲ್ಲ. ಬೆಳಿಗ್ಗೆ ಬೂಟು ಹಾಕಿಕೊಂಡು ಮಂಚದ ಅಂಚಿಗೆ ಕೂತರೆ ಮಧ್ಯಾಹ್ನವಾದರೂ ಏಳುತ್ತಿರಲಿಲ್ಲ. ನೀನು ನನ್ನ ಬಳಿ ಬಂದು "ಒಂದ್ಸಲ ಬಂದು ಮಾತಾಡೋ, ನಿನ್ನ ಮಾತು ಕೇಳ್ತಾರೆ" ಎಂದೆ. ನಾನು ಬಂದೆ. ಇಪ್ಪತ್ತೊಂಬತ್ತರ ಹರೆಯ, ಹೊಸ ನಿಲುವಂಗಿ, ಎಲ್ಲಕ್ಕೂ ಉತ್ತರ ಗೊತ್ತಿದ್ದ ಕಾಲ. "ದೇವರ ಮೇಲೆ ನಿಜವಾದ ನಂಬಿಕೆ ಇರೋರಿಗೆ ಇಂಥ ಕತ್ತಲೆ ಬರಲ್ಲ ಭಾವ" ಎಂದೆ. ಅವರು ನನ್ನ ಮನಸ್ಸು ನೋಯಬಾರದೆಂಬಂತೆ ನಕ್ಕರು. "ಹೌದಾ? ಹಾಗಾದ್ರೆ ನನ್ನದೇ ತಪ್ಪಿರಬೇಕು."

ಮೂರು ವಾರ ಕಳೆದು, ನೀನು ಕೆಲಸಕ್ಕೆ ಹೋಗಿದ್ದಾಗ, ಅವರು ತಮ್ಮ ಜೀವ ತಾವೇ ತೆಗೆದುಕೊಂಡರು.

ಅಂಥವರನ್ನು ಎಲ್ಲರ ನಡುವೆ ಹೂಳುವ ಪದ್ಧತಿಯಿಲ್ಲ, ಗೋಡೆಯ ಪಕ್ಕದ ಸಾಲಿನಲ್ಲಿ ಹೂಳಲಿ ಎಂದರು ಸಭೆಯ ಹಿರಿಯರು. ನಾನು ತುಟಿ ಪಿಟ್ಟೆನ್ನಲಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಸಂಬಂಧಿಕನೆಂದು ಮೆತ್ತಗಾದೆ ಎಂದು ಯಾರೂ ಆಡಿಕೊಳ್ಳಬಾರದಲ್ಲ? ಮುಂದಿನ ಭಾನುವಾರ ಪೀಠ ಹತ್ತಿ ಹೇಳಿದೆ: ಕೊಲೆಗಾರನಿಗಾದರೂ ಪಶ್ಚಾತ್ತಾಪಪಡಲು ಸಮಯವಿರುತ್ತದೆ, ತನ್ನನ್ನೇ ಕೊಂದುಕೊಂಡವನಿಗೆ ಅದೂ ಇಲ್ಲ, ಅವನು ಬಿದ್ದ ಬೆಂಕಿ ಎಂದಿಗೂ ಆರುವುದಿಲ್ಲ. ನೀನು ಎರಡನೆಯ ಬೆಂಚಿನಲ್ಲಿ ಕೂತಿದ್ದೆ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡೆ. ಅಂದು ಸಂಜೆ ಎಂದಿನಂತೆ ನನಗೆ ಊಟ ಕಳಿಸಿದೆ.

ಇಪ್ಪತ್ತೆರಡು ವರ್ಷ ನೀನು ಒಂದು ಭಾನುವಾರವೂ ತಪ್ಪಿಸಲಿಲ್ಲ. ಆ ಮಾತನ್ನು ಮರೆತಿದ್ದೀಯೆಂದು ನಾನು ತಿಳಿದೆ. ಹಾಗೆ ತಿಳಿಯುವುದು ನನಗೆ ಸುಲಭವಾಗಿತ್ತು.

ಈ ನಡುವೆ ನಾನು ಬದಲಾದೆ ಅಕ್ಕಾ. ಒಂದೇ ದಿನದಲ್ಲಿ ಆದದ್ದಲ್ಲ. ಸಾಯುವವರ ಪಕ್ಕ ಕೂತು ಕೂತು ಆಯಿತು. ಜೀವಮಾನವೆಲ್ಲ ದುಡಿದು ಸವೆದ ಜನ ಕಡೆಯ ಗಳಿಗೆಯಲ್ಲಿ, ಎಂದೋ ಆಡಿದ ಒಂದು ಸುಳ್ಳಿಗೆ, ಒಂದು ಆಸೆಗೆ ಹೆದರಿ ನನ್ನ ಕೈ ಹಿಡಿದು ನಡುಗುತ್ತಿದ್ದರು. ಆ ನಡುಕ ನಾನು ಕೊಟ್ಟದ್ದು. ತಪ್ಪು ಮಾಡಿದ ಮಗುವನ್ನು ಗದರುವ ಅಪ್ಪನಿದ್ದಾನೆ, ಹೊಡೆಯುವ ಅಪ್ಪನೂ ಇದ್ದಾನೆ. ಮನೆಯ ಹಿಂದೆ ಬೆಂಕಿ ಹಾಕಿ ಮಗುವನ್ನು ಸುಡುತ್ತಲೇ ಇರುವವನು ಸಿಕ್ಕಿದರೆ ಪೊಲೀಸರು ಎಳೆದುಕೊಂಡು ಹೋಗುತ್ತಾರೆ. ನಾವು ಮಾತ್ರ ಅಂಥವನೊಬ್ಬನನ್ನು ಮಾಡಿಕೊಂಡು ಅವನೆದುರು ಸ್ತೋತ್ರ ಹಾಡುತ್ತಿದ್ದೆವು. ಕ್ರಿಸ್ತ ಪಾತಾಳಕ್ಕೆ ಇಳಿದನೆಂದು ವಾರವಾರವೂ ಬಾಯಿಪಾಠ ಒಪ್ಪಿಸುತ್ತೇವೆ. ಅಲ್ಲಿದ್ದವರನ್ನು ಕರೆತರುವುದಕ್ಕಲ್ಲದೆ ಮತ್ತೇಕೆ ಇಳಿದ ಎಂದು ನಾನು ಕೇಳಿಕೊಂಡದ್ದು ನಲವತ್ತು ದಾಟಿದ ಮೇಲೆ.

ಕೇಳಿಕೊಂಡೆ, ಸುಮ್ಮನಾದೆ. ಪ್ರಸಂಗದಿಂದ ಬೆಂಕಿಯನ್ನು ಮೆಲ್ಲಗೆ ತೆಗೆದೆ. ಉಪ್ಪು ಕಡಿಮೆಯಾದರೆ ಗೊತ್ತಾಗುವ ಜನಕ್ಕೆ ನರಕ ಕಡಿಮೆಯಾದದ್ದು ಗೊತ್ತಾಗಲಿಲ್ಲ. "ನಾನು ಅಂದು ಹೇಳಿದ್ದು ತಪ್ಪು" ಎನ್ನುವ ನಾಲ್ಕು ಮಾತು ಮಾತ್ರ ಬಾಯಿಂದ ಬರಲಿಲ್ಲ. ಹಿರಿಯರು ಏನೆನ್ನುತ್ತಾರೋ, ಈ ಮನೆ, ಈ ಪೀಠ ಹೋದರೆ ಎಲ್ಲಿಗೆ ಹೋಗಲಿ ಎಂಬ ಭಯ. ಪಾಪವೆಂದರೆ ಕುಡಿತ, ಕಳ್ಳತನ, ಹಾದರ ಎಂದು ಇಪ್ಪತ್ತು ವರ್ಷಕ್ಕೂ ಮೇಲೆ ಬೆರಳು ಮಡಚಿ ಹೇಳಿದವನು ನಾನು. ನನ್ನದು ಆ ಬೆರಳುಗಳಲ್ಲಿ ಇರಲೇ ಇಲ್ಲ.

ನಿನ್ನ ಹೊಟ್ಟೆಯ ಗಡ್ಡೆ ಇನ್ನು ಕೈಮೀರಿತೆಂದು ಡಾಕ್ಟರು ಹೇಳಿದ ವಾರ, ಸಾಯುವವರಿಗೆ ಕೊಡುವ ರೊಟ್ಟಿ ದ್ರಾಕ್ಷಾರಸದ ಪುಟ್ಟ ಪೆಟ್ಟಿಗೆ ಹಿಡಿದು ಮೂರನೆಯ ಮಹಡಿಯ ವಾರ್ಡಿಗೆ ಬಂದೆ. ನೀನು ಬಾಯಿ ಬಿಗಿದು ತಲೆ ಆ ಕಡೆ ತಿರುಗಿಸಿದೆ.

"ಬೇಡ ಕಣೋ."

"ನುಂಗೋಕೆ ಆಗ್ತಿಲ್ವಾ? ತುಟಿಗೆ ಮುಟ್ಟಿಸಿದ್ರೂ ಸಾಕು ಅಕ್ಕಾ."

"ಅದಲ್ಲ. ಅದನ್ನ ತಗೊಂಡ್ರೆ ನಾನು ಮೇಲೆ ಹೋಗ್ತೀನಿ. ಅವರು ಅಲ್ಲಿಲ್ಲ. ನೀನೇ ಹೇಳಿದ್ದಲ್ವಾ? ಆ ಬೆಂಕೀಲಿ ಅವರೊಬ್ಬರೇ ಇಷ್ಟು ವರ್ಷದಿಂದ ಇದ್ದಾರೆ. ನಾನು ಹೋಗದೆ ಇನ್ಯಾರು ಹೋಗ್ತಾರೆ?"

ನೀನು ಅಳಲಿಲ್ಲ, ಸಿಟ್ಟಾಗಲಿಲ್ಲ. ಪಕ್ಕದ ಬೀದಿಗೆ ಹೋಗಿ ಬರುವವಳಂತೆ ಹೇಳಿದೆ. ನಾನು ಮಂಚದ ಪಕ್ಕ ಮಂಡಿಯೂರಿದೆ. "ಅಕ್ಕಾ, ನಾನು ಹೇಳಿದ್ದು ತಪ್ಪು. ಭಾವ ಅಲ್ಲಿಲ್ಲ. ಅಂಥ ಜಾಗವೇ ಇಲ್ಲ."

"ಸಾಯೋರ ಹತ್ರ ಎಲ್ಲಾ ಹೀಗೇ ಹೇಳ್ತಾರೆ ಬಿಡು. ಡಾಕ್ಟರೂ ಬೆಳಿಗ್ಗೆ ಬಂದು ಹುಷಾರಾಗ್ತೀರಿ ಅಂದ."

"ಸಮಾಧಾನಕ್ಕೆ ಹೇಳ್ತಿಲ್ಲ. ಹತ್ತು ವರ್ಷದಿಂದ ನಾನು ಅದನ್ನ ನಂಬಿಲ್ಲ."

ಆಗ ನೀನು ನನ್ನ ಕಡೆ ತಿರುಗಿದೆ. "ಹತ್ತು ವರ್ಷ?" ಎಂದೆ. "ಹತ್ತು ವರ್ಷ ನಾನು ದಿನಾ, ಅವರು ಸುಡ್ತಿದ್ದಾರೆ ಅಂದ್ಕೊಂಡೇ ಒಲೆ ಹಚ್ಚಿದ್ದೀನಿ. ನಿನಗೆ ಗೊತ್ತಿದ್ದೂ ಹೇಳಲಿಲ್ವಾ?"

ನಾನು ಮಂಚದ ಅಂಚಿಗೆ ಹಣೆ ಒತ್ತಿದೆ. ನೀನು ಸೂಜಿ ಚುಚ್ಚಿದ್ದ ಕೈಯನ್ನೇ ನನ್ನ ತಲೆಯ ಮೇಲಿಟ್ಟೆ. "ನೋಡು, ನೀನು ಹೇಳ್ತಿರೋದು ನಿಜ ಅಂದ್ರೆ ನೀನು ತುಂಬಾ ಕೆಟ್ಟವನು ಅಂತ ಆಗುತ್ತೆ. ನಿನ್ನನ್ನ ಹಾಗೆ ಅಂದ್ಕೊಂಡು ಸಾಯೋಕೆ ನನಗಿಷ್ಟ ಇಲ್ಲ ಕಣೋ. ಅದಕ್ಕೇ ಈಗ ಸುಳ್ಳು ಹೇಳ್ತಿದ್ದೀಯ ಅಂತಲೇ ಇಟ್ಕೋತೀನಿ."

ಆಮೇಲೆ ಒಂಬತ್ತು ದಿನ ನಾನು ಬಂದೆ. ಗೋಗರೆದೆ, ವಾದಿಸಿದೆ, ಗ್ರಂಥ ತೆರೆದು ಸಾಲು ಸಾಲು ಓದಿದೆ. "ಚೆನ್ನಾಗಿ ಓದ್ತೀಯ" ಎಂದೆ ನೀನು. ಅಷ್ಟೇ. ಅಂದು ಪೀಠದಿಂದ ಅರ್ಧ ಗಂಟೆಯಲ್ಲಿ ನಿನ್ನೊಳಗೆ ಬಿತ್ತಿದ್ದನ್ನು ಕೀಳಲು ಒಂಬತ್ತು ದಿನ ಸಾಲಲಿಲ್ಲ.

ಕೊನೆಯ ದಿನ ಮಧ್ಯಾಹ್ನ ನರ್ಸಮ್ಮ ನನ್ನನ್ನು ಬಾಗಿಲಲ್ಲೇ ತಡೆದರು. ನಗಬೇಕೋ ಅಳಬೇಕೋ ತಿಳಿಯದ ಮುಖ. "ನಿಮ್ಮನ್ನ ಒಳಗೆ ಬಿಡಬೇಡಿ ಅಂದ್ರು ಅಯ್ಯನವರೇ. 'ಅವನು ಬಂದ್ರೆ ಪ್ರಾರ್ಥನೆ ಮಾಡ್ತಾನೆ, ಆಮೇಲೆ ನಾನು ದಾರಿ ತಪ್ಪಿ ಸ್ವರ್ಗಕ್ಕೆ ಹೋಗಿಬಿಡ್ತೀನಿ' ಅಂತ."

ನಾನು ಕಾರಿಡಾರಿನ ಕಬ್ಬಿಣದ ಬೆಂಚಿನ ಮೇಲೆ ಕೂತೆ. ಲಿಫ್ಟಿನ ಬಾಗಿಲು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ನಾನು ಸೇರಿಸಿ ಹಿಡಿದಿದ್ದ ಕೈಗಳನ್ನು ಬಿಡಿಸಿ ತೊಡೆಯ ಕೆಳಗಿಟ್ಟುಕೊಂಡೆ, ಅಭ್ಯಾಸಬಲದಿಂದ ಪ್ರಾರ್ಥನೆ ಹೊರಟೀತೆಂದು. ಮೂರೂಕಾಲಿಗೆ ನೀನು ಹೋದೆ.

ನಿನ್ನಿಷ್ಟದಂತೆ ಭಾವನ ಪಕ್ಕದಲ್ಲೇ ಜಾಗ ಮಾಡಿಸಿದೆ. "ಇಷ್ಟು ದೈವಭಕ್ತೆಯನ್ನ ಆ ಸಾಲಲ್ಲಾ?" ಎಂದು ಹಿರಿಯರು ಗೊಣಗಿದರು; ಮೊದಲ ಸಲ ನಾನು ಮಣಿಯಲಿಲ್ಲ. ಆದರೆ ಗುಂಡಿಯ ಮುಂದೆ ನಿಂತಾಗ ಏನೆಂದು ಬೇಡಲಿ? ಸ್ವರ್ಗ ಕೊಡು ಎನ್ನುವುದು ನಿನಗೆ ಮಾಡುವ ದ್ರೋಹ. ನೀನು ಕೇಳಿದ್ದನ್ನು ಕೊಡು ಎನ್ನಲು ಬಾಯಿ ಬರಲಿಲ್ಲ. ನೂರಾರು ಜನರನ್ನು ಮಣ್ಣಿಗೆ ಕಳಿಸಿಕೊಟ್ಟವನು ಪುಸ್ತಕ ಮುಚ್ಚಿ ಕಂಬದಂತೆ ನಿಂತೆ. ಗುಂಡಿ ತೋಡುವವನು ಕಾದು ಕಾದು ಕೇಳಿದ: "ಹೇಳಿ ಆಯ್ತಾ ಅಯ್ಯಾ? ಮಣ್ಣು ಹಾಕ್ಲಾ?" ಹಾಕು ಎಂದೆ.

ಮರು ಭಾನುವಾರ ಪೀಠದಿಂದ ಎಲ್ಲ ಹೇಳಿದೆ. ಭಾವನ ವಿಷಯ, ನನ್ನ ಸುಳ್ಳು, ನನ್ನ ಹತ್ತು ವರ್ಷದ ಮೌನ. ಯಾರಾದರೂ ಎದ್ದು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಹಿರಿಯರು ನನ್ನ ಭುಜ ತಟ್ಟಿ, "ಅಕ್ಕ ಹೋದ ದುಃಖ, ಪಾಪ. ಮೂರು ತಿಂಗಳು ರಜೆ ತಗೊಳ್ಳಿ, ಸರಿಹೋಗುತ್ತೆ" ಎಂದರು. ನಿನ್ನ ಹಾಗೆಯೇ ಅವರೂ, ಅಕ್ಕಾ. ನಾನು ಹೇಳಿದ ಸುಳ್ಳನ್ನು ನಂಬಿದ ಜನ ನಿಜವನ್ನು ನಂಬುತ್ತಿಲ್ಲ.

ನನ್ನನ್ನು ಕಾಡುವುದು ಒಂದೇ. ನರಕವಿಲ್ಲವೆಂದು ನನಗೆ ಗೊತ್ತು, ದೇವರು ನನಗಿಂತ, ಅಷ್ಟೇ ಏಕೆ, ನಿನಗಿಂತಲೂ ಒಳ್ಳೆಯವನಿರಲೇಬೇಕು. ಆದರೆ ನೀನು ನನ್ನ ಮಾತನ್ನೇ ನಂಬಿ, ಇಲ್ಲದ ಊರಿಗೆ ಗಂಡನನ್ನು ಹುಡುಕಿ ಹೊರಟವಳು. ನಿನ್ನನ್ನು ಕೂಗಿ ನಿಲ್ಲಿಸಲು ನನ್ನ ದನಿ ಅಲ್ಲಿಗೆ ಮುಟ್ಟುವುದಿಲ್ಲ.

ಕಿರಿಯನು ಹಿರಿಯಳನ್ನು ಹರಸಬಾರದು, ಬಲ್ಲೆ. ಆದರೂ ನನಗುಳಿದಿರುವುದು ಇದೊಂದೇ ಪ್ರಾರ್ಥನೆ: ನೀನು ಬಹಳ ದೂರ ಹೋಗುವ ಮೊದಲೇ ಭಾವ ನಿನ್ನನ್ನು ಹುಡುಕಿಕೊಂಡು ಬಂದು, "ಈ ಕಡೆ ಎಲ್ಲಿಗೆ ಹೊರಟೆ, ಮನೆ ಆ ಕಡೆ" ಎಂದು ಕೈ ಹಿಡಿಯಲಿ.

ಕೈ ಒದ್ದೆ ಮಾಡಿಕೊಳ್ಳದ,
ನಿನ್ನ ತಮ್ಮ