ಜಟ್ಟಣ್ಣನ ಶೆಟ್ಲಿಯ ಕೆಂಪು

೧೧ ನವೆಂಬರ್ ೨೦೨೪, ಸೋಮವಾರ

ಕುಮಟಾದಿಂದ ಬಸ್ಸು ಇವತ್ತೂ ತಡ. ಭಟ್ಕಳದಲ್ಲಿ ಸಂಘದ ಆಫೀಸಿನ ಬೀಗ ತೆಗೆದು, ಫ್ಯಾನ್ ಹಾಕಿ, ಮೊದಲು ಮೇಲ್ ನೋಡಿದೆ. ಮಸ್ಕತ್‌ನಿಂದ ಏನೂ ಇಲ್ಲ.

ಅಧ್ಯಕ್ಷರು ಮಾಬ್ಲೇಶ್ವರಣ್ಣ ಬೆಳಿಗ್ಗೆಯಿಂದ ಫೋನ್ ಮೇಲೆ ಫೋನ್. "ಬಂತಾ ಸುಚಿತಾ?" "ಬಂದ್ರೆ ಹೇಳೂದಿಲ್ವಾ ಮಾರಾಯ್ರೆ?" ಅಂದೆ. ಸಂಬಳ ಕೊಡುವವರ ಹತ್ತಿರ ಹಾಗೆ ಮಾತಾಡಬಾರದು. ಆದರೂ...

ಭಟ್ಕಳ, ಹೊನ್ನಾವರ, ಕುಮಟಾದ ವ್ಯಾಪಾರಿಗಳನ್ನು ಒಂದು ಸಂಘ ಅಂತ ಕೂರಿಸುವಷ್ಟರಲ್ಲಿ ಜೀವ ಹೋಗಿತ್ತು. ಈಗ ಮಸ್ಕತ್‌ನ ಕರಾವಳಿ ವರ್ತಕರ ಬಳಗ ನಮ್ಮನ್ನು ಸೋದರ ಸಂಘವಾಗಿ ಸೇರಿಸಿಕೊಂಡರೆ ಮುಂಬಯಿ ದಲ್ಲಾಳಿಗಳ ಕಾಲು ಹಿಡಿಯುವುದು ತಪ್ಪುತ್ತದೆ. ಎಲ್ಲವೂ ನಿಂತಿರುವುದು ಹೋದ ತಿಂಗಳು ಸ್ಯಾಂಪಲ್ ಅಂತ ಕಳಿಸಿದ ಒಂದು ಪೆಟ್ಟಿಗೆ ಒಣ ಶೆಟ್ಲಿಯ, ಅಂದರೆ ಒಣ ಸಿಗಡಿಯ, ಮೇಲೆ. ಹೊನ್ನಾವರದ ಜಟ್ಟಣ್ಣನ ಮಾಲು. ಮಾಬ್ಲೇಶ್ವರಣ್ಣನ ಮನೆಯಿಂದ ಪೆಟ್ಟಿಗೆ ಹೊರಟ ದಿನ ನಾನು ಕಾಗದಪತ್ರಕ್ಕೆ ಮಂಗಳೂರಿಗೆ ಹೋಗಿದ್ದೆ.

೧೩ ನವೆಂಬರ್, ಬುಧವಾರ

ರಿಪೋರ್ಟ್ ಬಂತು. ಒಣ ಸಿಗಡಿಯಲ್ಲಿ ಕೃತಕ ಕೆಂಪು ಬಣ್ಣ. ಫೇಲ್.

ಬಳಗದ ಕಮಲಾಕರ ಸರ್ ಫೋನ್ ಮಾಡಿದರು. ಬೈದಿದ್ದರೆ ವಾಸಿಯಿತ್ತು. "ನಿಮ್ಮ ಪರವಾಗಿ ನಾನು ಎದ್ದು ನಿಂತು ಮಾತಾಡಿದ್ದೆ ಸುಚಿತಾ. ಶುಕ್ರವಾರ ಇಲ್ಲಿ ರಜೆ, ಎಲ್ಲರೂ ಸೇರ್ತಾರೆ. ಅಷ್ಟರೊಳಗೆ ಯಾರ ಮಾಲು ಅಂತ ಹೆಸರು ಕೊಡಿ, ಅವರನ್ನ ತೆಗೆದುಹಾಕಿ. ಇಲ್ಲಂದ್ರೆ ಇಡೀ ಸಂಘಾನೇ ಹೊರಗೆ."

ಊಟ ಸೇರಲಿಲ್ಲ. ಡಬ್ಬಿ ಹಾಗೇ ಮನೆಗೆ ವಾಪಸ್.

೧೪ ನವೆಂಬರ್, ಗುರುವಾರ

ತುರ್ತು ಮೀಟಿಂಗ್. ಕುಮಟಾದವರು ಒಂದು ಕಡೆ, ಹೊನ್ನಾವರದವರು ಇನ್ನೊಂದು ಕಡೆ ಕೂತರು. ಜಟ್ಟಣ್ಣ ಕೂರಲೇ ಇಲ್ಲ.

"ಬಣ್ಣ ಹಾಕೂಕೆ ನಾನೆಂತ ಹೋಳಿ ಆಡ್ತಿದ್ನಾ?"

ಮಾಬ್ಲೇಶ್ವರಣ್ಣ ಹೇಳಿದರು, "ನಿನ್ನ ಶೆಟ್ಲಿ ಮಾತ್ರ ಅಷ್ಟು ಕೆಂಪು ಹೆಂಗೆ ಜಟ್ಟ? ನೀನೇ ಊರೆಲ್ಲ ಹೇಳ್ಕಂಡು ತಿರುಗಿದ್ದೆ."

"ಅದು ನನ್ನ ಹೆಂಡ್ತಿ ಬೇಯಿಸೂ ಹದ! ತಂಗಿ, ನೀ ಹೇಳು. ನೀ ಬಂದು ನೋಡಿದ್ದೆ, ನಮ್ಮನೆ ಅಂಗಳ."

ನೋಡಿದ್ದೆ. ಅಲ್ಲಿ ಬಣ್ಣದ ಸುಳಿವೂ ಇರಲಿಲ್ಲ. ಆದರೆ ಒಂದೇ ದಿನ ನೋಡಿದ್ದು, ಅದೂ ಹೇಳಿ ಹೋಗಿ. ಪೆನ್ನಿನ ಕ್ಯಾಪ್ ತೆಗೆದೆ, ಹಾಕಿದೆ. ಜಟ್ಟಣ್ಣ ಕುರ್ಚಿ ಒದ್ದು ಹೊರಟುಹೋದ.

ಈ ಮನುಷ್ಯ ನನಗೆ ಮೊದಲಿಂದಲೂ ಆಗಿಬರುವುದಿಲ್ಲ. ಬಾಯಿ ಜೋರು, ಲೆಕ್ಕ ಕೇಳಿದರೆ ಜಗಳ, ಚಾ ಕೊಟ್ಟರೆ ಸಕ್ಕರೆ ಕಮ್ಮಿ ಅಂತ ತಕರಾರು. ಹಾಗಾಗಿ ನಂಬುವುದು ಸುಲಭವಾಯಿತೋ ಏನೋ.

೧೫ ನವೆಂಬರ್, ಶುಕ್ರವಾರ

ಮಾಲು ಜಟ್ಟಣ್ಣನದು, ಅವನನ್ನು ತೆಗೆದಿದ್ದೇವೆ ಅಂತ ಬರೆದೆ. ಸಹಿ ಮಾಡಿದೆ. ಕಳಿಸಿದೆ.

ಮಧ್ಯಾಹ್ನ ಉತ್ತರ — ಸಂಘ ಉಳಿಯಿತು, ಇನ್ನೊಂದು ಸ್ಯಾಂಪಲ್ ಕಳಿಸಿ. ಜಟ್ಟಣ್ಣನ ಹೆಸರು ದುಬೈ, ದೋಹಾ, ಕುವೈತ್‌ನ ಸಂಘಗಳಿಗೂ ಹೋಗಿದೆ, ಇವನ ಮಾಲು ಯಾರೂ ಮುಟ್ಟಬೇಡಿ ಅಂತ. ಅಷ್ಟು ದೂರ ಹೋಗುತ್ತದೆ ಅಂದುಕೊಂಡಿರಲಿಲ್ಲ.

ಜಟ್ಟಣ್ಣನಿಗೆ ನಾವೇ ತಿಳಿಸಬೇಕಿತ್ತು. "ಆಮೇಲೆ ನೋಡ್ವಾ" ಅಂದರು ಮಾಬ್ಲೇಶ್ವರಣ್ಣ. ನನಗೂ ಅದೇ ಬೇಕಿತ್ತು.

೨೧ ನವೆಂಬರ್, ಗುರುವಾರ. ಬೆಳಿಗ್ಗೆ



ಎರಡನೇ ಪೆಟ್ಟಿಗೆ ಇವತ್ತು ಹೊರಡುವುದಿತ್ತು. ಕುಮಟಾದ ಮಾಲು. ಮಾಬ್ಲೇಶ್ವರಣ್ಣನ ಮನೆ ಜಗಲಿಯಲ್ಲಿ ಟೇಪು ಹಚ್ಚುತ್ತಿದ್ದೆ. ಅವರ ತಾಯಿ ಮಂಜಿ ಅಮ್ಮ ಹರಿವಾಣ ಹಿಡಿದು ಬಂದರು. ಊದುಬತ್ತಿ, ತೆಂಗಿನಕಾಯಿ, ಪ್ಯಾಕೆಟ್ ಕುಂಕುಮ.

"ತೆಗಿ ತೆಗಿ. ಮುಚ್ಚಿದ್ ಪೆಟ್ಟಿಗೆಗೆ ಪೂಜೆ ಮಾಡೂದಾ? ದೇವ್ರಿಗೆ ಮಾಲು ಕಾಣೂದ್ ಬೇಡ್ವಾ?"

ತೆಗೆದೆ. ಕಾಯಿ ಒಡೆದು ನೀರು ಚಿಮುಕಿಸಿದರು. ಕುಂಕುಮ ಚಿಟಿಕೆಯಲ್ಲ, ಬೊಗಸೆ. ಶೆಟ್ಲಿಯ ಮೇಲೆಲ್ಲ ಹಾಕಿ, ಒಂದು ಸಲ ಕೈಯಾಡಿಸಿ, ಕಣ್ಣಿಗೆ ಒತ್ತಿಕೊಂಡರು. ಅವರ ಬೆರಳೆಲ್ಲ ಕೆಂಪು, ಪ್ಯಾಕೆಟ್ ಕುಂಕುಮದ ಕೃತಕ ಕೆಂಪು.

"ಅಮ್ಮಾ, ಮೊದಲಿನ ಪೆಟ್ಟಿಗೆಗೂ ಹೀಗೇ ಮಾಡಿದ್ರಾ?"

"ಮಾಡ್ದೆ ಕಳ್ಸ್ತೇವಾ? ಸಮುದ್ರ ದಾಟೂ ಮೊದಲ್ನೇ ಮಾಲು! ಅವತ್ತು ಇನ್ನೂ ಜಾಸ್ತಿ ಹಾಕಿದ್ದೆ."

ಮಾಬ್ಲೇಶ್ವರಣ್ಣ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ನನ್ನನ್ನು ಅಂಗಳಕ್ಕೆ ಕರೆದರು. "ಇದು ಇಲ್ಲೇ ಮುಗೀಲಿ. ಅಬ್ಬೆ ಹೆಸರು ಹೊರಗೆ ಬರೂದ್ ಬೇಡ. ಬೇರೆ ಪೆಟ್ಟಿಗೆ ಕಟ್ವಾ."

ಕಮಲಾಕರ ಸರ್‌ಗೆ ಫೋನ್ ಮಾಡಿದೆ. ನಡೆದದ್ದೆಲ್ಲ ಹೇಳಿದೆ. ಅವರು, "ನೋಡಿ, ತಪ್ಪು ಹೆಸರು ಕೊಟ್ಟ ಸಂಘವನ್ನ ಇಲ್ಲಿ ಯಾರೂ ಸೇರಿಸಿಕೊಳ್ಳೋದಿಲ್ಲ. ಹೇಳಿದ್ರೆ ನೀವು ಹೋದ್ರಿ. ಹೇಳದಿದ್ರೆ ಅವನು ಹೋದ. ನೀವೇ ಯೋಚನೆ ಮಾಡಿ."

ಅದೇ ದಿನ, ಮಧ್ಯಾಹ್ನ. ಜಟ್ಟಣ್ಣನ ಜಗಲಿ

ಹೊನ್ನಾವರದ ಬಸ್ಸಿನಲ್ಲೇ ಮೇಲ್ ಬರೆದು ಕಳಿಸಿಬಿಟ್ಟೆ. ಮಸ್ಕತ್, ದುಬೈ, ದೋಹಾ, ಕುವೈತ್ — ಎಲ್ಲರಿಗೂ. ಕುಂಕುಮ, ಪೂಜೆ, ಜಟ್ಟಣ್ಣನ ತಪ್ಪಿಲ್ಲ, ತಪ್ಪು ಹೆಸರು ಕೊಟ್ಟದ್ದು ನಾವು. ಮಾಬ್ಲೇಶ್ವರಣ್ಣನ ಫೋನ್ ಆಗಿನಿಂದ ಬಡಿದುಕೊಳ್ಳುತ್ತಿದೆ. ಎತ್ತಿಲ್ಲ. ಹೆದರಿಕೆಯಾಗುತ್ತಿದೆ.

ಅಂಗಳದಲ್ಲಿ ಬಲೆ ಹಾಸಿ ಶೆಟ್ಲಿ ಹರವಿದ್ದಾರೆ. ಕೆಂಪಗೇ ಇದೆ, ಬಿಸಿಲಿಗೆ. ಜಟ್ಟಣ್ಣನ ಹೆಂಡತಿ ಶ್ರೀಮತಿ ಚಾ ಕೊಟ್ಟರು. ಜಟ್ಟಣ್ಣ ನಗುತ್ತಲೇ ಬಂದ. ಅವನಿಗೆ ಇನ್ನೂ ಏನೂ ಗೊತ್ತಿಲ್ಲ. ಅವತ್ತಿನ ಮೀಟಿಂಗು ಬರೀ ಬಾಯಿಜಗಳ ಅಂದುಕೊಂಡಿದ್ದಾನೆ.

"ಬಾ ತಂಗಿ, ಕೂತ್ಕ. ನನ್ ಸಿಟ್ಟು ಅವತ್ತೇ ಇಳೀತು. ಎಂತ ಆತು ಮಸ್ಕತ್ತಿಂದು? ಗೆದ್ವಾ ನಾವು?"

ನಾವು ಅಂದ.

ಬಾಯಿ ತೆರೆದೆ. ಅಷ್ಟರಲ್ಲಿ ಅವನೇ, "ತಡಿ, ಹೊಸ ಶೆಟ್ಲಿ ಒಂದು ಪೊಟ್ಟಣ ಕಟ್ಕಂಡು ಬತ್ತೆ. ಕಮಲಾಕರ್ರಿಗೆ ಕಳ್ಸು. ಬಣ್ಣ ಯಾವ್ದು ಅಂತ ಅವ್ರೇ ನೋಡ್ಲಿ" ಅಂತ ಒಳಗೆ ಹೋಗಿದ್ದಾನೆ.

ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ಯಾವುದು ಹೇಳುವುದು? ನಿನ್ನ ಹೆಸರು ಕೊಟ್ಟವಳು ನಾನು ಅಂತಲೋ, ಸಂಘ ಹೋಯಿತು ಅಂತಲೋ... ಮೊದಲು ನನ್ನದು. ಹೌದು, ಮೊದಲು ನನ್ನದೇ.

ಬರುತ್ತಿದ್ದಾನೆ. ಪೊಟ್ಟಣಕ್ಕೆ ಎರಡು ಸುತ್ತು ದಾರ ಸುತ್ತಿದ್ದಾನೆ. ಜಟ್ಟಣ್ಣ, ನಾನು—