ಬಿಟ್ಟಿದ್ದು ಕಾಫಿ ಮಾತ್ರ

ಗೋಣಿಬೀಡಿನ ಅಕ್ಕಂಗೆ ಅತ್ತಿಗುಂಡಿಯಿಂದ ಸುರೇಂದ್ರನ ನಮಸ್ಕಾರ.

ನನ್ ವಾಯ್ಸ್ ಮೆಸೇಜು ಉದ್ದ ಅಂತ ನೀನು ಕೇಳೋದೇ ಇಲ್ಲ, ಅದಕ್ಕೆ ಈ ಕಾರ್ಡು. ನಾನು ಜೀಪಲ್ಲಿ ಮನೆಮನೆಗೆ ಕರ್ಕೊಂಡು ಹೋಗ್ತಿರೋ ಮಿಷನರಿ ಹುಡುಗ ಸಿಯೋನೆ, ಟೋಂಗಾ ಅನ್ನೋ ದ್ವೀಪದವನು. ಅವನ ಕ್ರೈಸ್ತ ಪಂಗಡದಲ್ಲಿ ಕಾಫಿ ಕುಡಿಯೋ ಹಂಗಿಲ್ವಂತೆ. ಅಂಥವನನ್ನ ಕಳ್ಸಿರೋದು ನಮ್ ಕಾಫಿ ಸೀಮೆಗೆ ನೋಡು, ಮಾರಾಯ್ತಿ!

ಇಲ್ಲಿ ಯಾರ ಜಗಲಿ ಹತ್ತಿದ್ರೂ ಮೊದ್ಲು ಕಾಫಿ ಲೋಟ ಬರುತ್ತೆ. ಬೇಡ ಅಂದ್ರೆ ಅವರ ತೋಟಕ್ಕೇ ಬೈದ ಹಂಗೆ. ಮರ್ಯಾದೆ ಉಳಿಸೋಕೆ ಅವನ ಲೋಟಾನೂ ನಾನೇ ಕುಡಿದೆ. ದಿನಕ್ಕೆ ಹದಿನೆಂಟು ಲೋಟ. ಎರಡು ತಿಂಗಳಾಗೋ ಹೊತ್ತಿಗೆ ಎದೆ ಡಬಡಬ, ಕೈ ನಡುಕ. ಕಾಫಿ ಮುಟ್ಟಲೇಬೇಡ ಅಂದ್ರು ಡಾಕ್ಟ್ರು.

ನಿನ್ನೆ ಎಸ್ಟೇಟಿನ ವಿಮಲಮ್ನೋರ ಮನೇಲಿ ಇಬ್ರೂ ಬೇಡ ಅಂದ್ವಿ. "ಅಯ್ಯೋ ಸುರೇಂದ್ರ, ನೀನೂ ಅವರ ಕಡೆ ಸೇರ್ಬಿಟ್ಯಾ?" ಅಂತ ಅವರು ಅಲ್ಲೇ ಕೂತ್ಬಿಟ್ರು. ನಾನು ಡಾಕ್ಟ್ರ ಚೀಟಿ ಹುಡುಕೋ ಅಷ್ಟರಲ್ಲಿ ಸಿಯೋನೆ ಕಣ್ಣೀರು ಹಾಕ್ಕೊಂಡು ನನ್ನ ತಬ್ಕೊಂಡ. ಎರಡು ತಿಂಗಳಲ್ಲಿ ಅವನ ಮಾತು ಕೇಳಿದೋನು ನಾನೊಬ್ನೇ ಅಂತೆ!

ನಮ್ ಮಗಳು ರಂಜಿತಾನ ಒಪ್ಪಿರೋ ಜಾವಳಿ ಊರಿನ ಬೀಗರ ಕಿವಿಗೆ ಈ ಸುದ್ದಿ ಬೀಳೋಕೆ ಮುಂಚೆ ನೀನೇ ಹೋಗಿ ಹೇಳು, ನಾನು ಬಿಟ್ಟಿದ್ದು ಕಾಫಿ, ದೇವರನ್ನಲ್ಲ ಅಂತ. ಪೋಸ್ಟ್‌ಮ್ಯಾನೂ ಓದ್ಲಿ ಅಂತಾನೇ ದಪ್ಪಗೆ ಬರ್ದಿದ್ದೀನಿ.

ಕೊತ್ತಂಬರಿ-ಜೀರಿಗೆ ಕಷಾಯದ ಪುಡಿ ಬಸ್ಸಲ್ಲಿ ಕಳ್ಸು, ಇಬ್ರಿಗಾಗೋವಷ್ಟು. ಅದನ್ನ ಅವನು ಕುಡೀಬಹುದಂತೆ, ಕೇಳ್ದೆ. ಜಾಗ ಮುಗೀತು.

ಸುರೇಂದ್ರ